‘ವಿಚಾರಣೆಗೆ ಕರೆದುಕೊಂಡು ಹೋದರು’ ಅಂದ ಕೂಡಲೇ ಗಡಿಯಾರ ನೋಡಿ

ಪೊಲೀಸರು ಒಬ್ಬನನ್ನು ಮನೆಯಿಂದ ಕರೆದುಕೊಂಡು ಹೋದ ಗಳಿಗೆಗೂ ಅವನನ್ನು ‘ಅರೆಸ್ಟ್ ತೋರಿಸಿದ’ ಗಳಿಗೆಗೂ ನಡುವೆ ಎಷ್ಟು ಹೊತ್ತು ಕಳೆದಿತ್ತು? ಕಸ್ಟಡಿ ಹಿಂಸೆಯ ಯಾವ ಪ್ರಕರಣದ ಕಡತ ಬಿಚ್ಚಿದರೂ ಮೊದಲು ಹುಡುಕಬೇಕಾದ್ದು ಇದನ್ನು. ಹೊಡೆತ, ಬೆದರಿಕೆ, ದುಡ್ಡಿನ ವಸೂಲಿ, ಬಲವಂತದ ಹೇಳಿಕೆ ಎಲ್ಲವೂ ಬಹುಮಟ್ಟಿಗೆ ನಡೆಯುವುದು ಆ ನಡುವಿನ ಹೊತ್ತಿನಲ್ಲಿ. ಆಗ ಆ ಮನುಷ್ಯ ಯಾವ ಕಾಗದದಲ್ಲೂ ಇರುವುದಿಲ್ಲ. ಠಾಣೆಯ ಡೈರಿಯಲ್ಲಿ ಅವನ ಹೆಸರಿಲ್ಲ, ಕೋರ್ಟಿಗೆ ಅವನ ವಿಷಯ ಗೊತ್ತಿಲ್ಲ, ಮನೆಯವರಿಗೆ ‘ಸುಮ್ಮನೆ ವಿಚಾರಣೆ, ಸಾಯಂಕಾಲ ಬಿಡುತ್ತೇವೆ’ ಎಂಬ ಬಾಯಿಮಾತು ಬಿಟ್ಟರೆ ಬೇರೇನೂ ಸಿಕ್ಕಿಲ್ಲ.

ಇಂಥದ್ದನ್ನು ಅಪರಾಧಶಾಸ್ತ್ರದಲ್ಲಿ ಪ್ರಭುತ್ವದ ಅಪರಾಧ ಎಂದು ಬೇರೆಯಾಗಿಯೇ ನೋಡುತ್ತಾರೆ. ರಜೆಯಲ್ಲಿ ಊರಿಗೆ ಹೋದ ಕಾನ್‌ಸ್ಟೆಬಲ್ ಬೇಲಿ ಜಗಳದಲ್ಲಿ ಪಕ್ಕದವನಿಗೆ ಹೊಡೆದರೆ ಅದು ಮಾಮೂಲಿ ಹಲ್ಲೆ ಕೇಸು. ಅದೇ ಮನುಷ್ಯ ಸಮವಸ್ತ್ರ ತೊಟ್ಟು, ಸರ್ಕಾರದ ಕಟ್ಟಡದೊಳಗೆ, ಕಾನೂನು ಕೊಟ್ಟ ಅಧಿಕಾರದಿಂದಲೇ ಕೂಡಿಹಾಕಿದವನ ಮೇಲೆ ಕೈ ಮಾಡಿದರೆ ಲೆಕ್ಕ ಬೇರೆ. ಕಣ್ಣಾರೆ ಕಂಡವರೆಲ್ಲ ಅವನ ಸಹೋದ್ಯೋಗಿಗಳು. ಡೈರಿ ಬರೆಯುವವರು ಅವರೇ, ಸಿಸಿಟಿವಿ ಯಂತ್ರ ಇರುವ ಕೋಣೆಯ ಬೀಗದ ಕೈ ಅವರದ್ದೇ, ದೂರು ಕೊಟ್ಟರೆ ತನಿಖೆಗೆ ಬರುವುದೂ ಅದೇ ಇಲಾಖೆ. ಠಾಣೆಯೊಳಗೆ ನಡೆದದ್ದಕ್ಕೆ ಪ್ರತ್ಯಕ್ಷ ಸಾಕ್ಷಿ ಸಿಗುವುದು ಬಹಳ ಅಪರೂಪ, ಇಲಾಖೆಯವರು ಒಬ್ಬರಿಗೊಬ್ಬರು ಅಡ್ಡ ನಿಲ್ಲುತ್ತಾರೆ ಎಂದು ಸುಪ್ರೀಂ ಕೋರ್ಟೇ 1995ರಲ್ಲಿ ಶ್ಯಾಮಸುಂದರ್ ತ್ರಿವೇದಿ ಪ್ರಕರಣದಲ್ಲಿ ಬರೆದಿದೆ.

ಬೆಂಗಳೂರಿಗೆ ಇದು ಹೊಸದಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ 1ರಂದು, ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಪೊಲೀಸರು ಮನೆಯಿಂದ ಕರೆದೊಯ್ದರು. ಅಣ್ಣ ಎಲ್ಲಿದ್ದಾನೆ ಹೇಳು ಎಂದು ಹಿಂಸಿಸಿದರು. ಬಂಧನವನ್ನು ಕಾಗದದ ಮೇಲೆ ತಂದದ್ದು ದಿನಗಟ್ಟಲೆ ಕಳೆದ ಮೇಲೆ. ಅಂದು ಸಂವಿಧಾನದ ಹಕ್ಕುಗಳೇ ಅಮಾನತಿನಲ್ಲಿದ್ದವು. ಈಗ ಹಾಗಿಲ್ಲ. ಆದರೆ ಕರೆದೊಯ್ಯುವುದು ಒಂದು ದಿನ, ಅರೆಸ್ಟ್ ತೋರಿಸುವುದು ಇನ್ನೊಂದು ದಿನ ಎಂಬ ಪದ್ಧತಿ ಹೋಗಿಲ್ಲ.

ಕಾನೂನು ಏನು ಹೇಳುತ್ತದೆ ನೋಡೋಣ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ, ಅಂದರೆ ಅಪರಾಧ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕೋರ್ಟು ಕಚೇರಿಗಳಲ್ಲಿ ಎಲ್ಲರೂ ಬಿಎನ್‌ಎಸ್‌ಎಸ್ ಅನ್ನುತ್ತಾರೆ. ಅದರ ಪ್ರಕಾರ ಪೊಲೀಸರು ನಿಮ್ಮನ್ನು ಠಾಣೆಗೆ ಕರೆಸಲು ಇರುವ ದಾರಿ ಮೂರೇ. ಸಾಕ್ಷಿಯಾಗಿ ಕರೆಯುವುದಾದರೆ 179ನೇ ಕಲಂ ಕೆಳಗೆ ಲಿಖಿತ ಆದೇಶ ಬೇಕು. ಹೆಂಗಸರು, 15 ವರ್ಷದೊಳಗಿನ ಮತ್ತು 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಸಾಕ್ಷಿಯಾಗಿ ಠಾಣೆಗೆ ಬಾ ಎನ್ನುವ ಹಾಗೇ ಇಲ್ಲ, ಅವರಿದ್ದಲ್ಲಿಗೇ ಪೊಲೀಸರು ಹೋಗಬೇಕು. ಆರೋಪಿಯಾಗಿ, ಆದರೆ ಬಂಧಿಸದೆ ಕರೆಯುವುದಾದರೆ 35(3)ರ ನೋಟಿಸ್. ಮೂರನೆಯದು ಬಂಧನ. ‘ವಿಚಾರಣೆಗೆ ಕೂರಿಸಿದ್ದೇವೆ’ ಎಂಬ ನಾಲ್ಕನೆಯದೊಂದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಎದ್ದು ಮನೆಗೆ ಹೋಗುತ್ತೇನೆ ಅಂದರೆ ಬಿಡುವುದಿಲ್ಲ ಅನ್ನುವ ಸ್ಥಿತಿ ಬಂದರೆ ಅದು ಬಂಧನವೇ, ಕಾಗದದಲ್ಲಿ ಏನೇ ಬರೆದಿರಲಿ.

35(3)ರ ನೋಟಿಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ 7 ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಜನರನ್ನು ಕಾಪಾಡುವ ಮೊದಲ ತಡೆ ಇದು. ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಇಂಥ ಕೇಸಿನಲ್ಲಿ ಬಂಧಿಸುವ ಮುನ್ನ ಬಂಧನ ಯಾಕೆ ಬೇಕು ಎಂಬ ಕಾರಣಗಳ ಪಟ್ಟಿಯನ್ನು ತನಿಖಾಧಿಕಾರಿ ತುಂಬಬೇಕು, ಅದು ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು, ಅವರು ಅದನ್ನು ಓದಿ ಸಮಾಧಾನವಾದರಷ್ಟೇ ರಿಮ್ಯಾಂಡ್ ಮಾಡಬೇಕು, ಅಂದರೆ ಕಸ್ಟಡಿ ಮುಂದುವರಿಸಲು ಆದೇಶಿಸಬೇಕು. ನೋಟಿಸಿನಲ್ಲಿ ಅಪರಾಧ ಸಂಖ್ಯೆ, ಕಲಂಗಳು ಇರಬೇಕು, ಎಫ್‌ಐಆರ್ ಪ್ರತಿ ಲಗತ್ತಾಗಿರಬೇಕು ಎಂದು ನಮ್ಮ ಹೈಕೋರ್ಟ್ 2024ರಲ್ಲಿ ಹೇಳಿದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅದು ನೋಟಿಸ್ ಜಾರಿ ಆದಂತಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನೋಟಿಸ್ ಕೈಗೆ ಬಂದರೆ ಮಾತ್ರ ಹೇಳಿದ ದಿನ ತಪ್ಪದೆ ಹಾಜರಾಗಬೇಕು. ಹೋಗದೆ ತಪ್ಪಿಸಿಕೊಳ್ಳುವುದೇ ಬಂಧನಕ್ಕೆ ನೆಪವಾಗುತ್ತದೆ. ಹೋದಾಗ ನೋಟಿಸಿನ ನಿಮ್ಮ ಪ್ರತಿಯ ಮೇಲೆ ಹಾಜರಾದ ದಿನ, ಸಮಯ ಬರೆಸಿ, ಠಾಣೆಯ ಮೊಹರು ಹಾಕಿಸಿಕೊಳ್ಳಿ. ಕೊಡುವುದಿಲ್ಲ ಅಂದರೆ ಅಲ್ಲಿಂದಲೇ ಎಸ್‌ಪಿ ಕಚೇರಿಗೆ ‘ಇಂದು ಇಷ್ಟು ಗಂಟೆಗೆ ಹಾಜರಾಗಿದ್ದೇನೆ’ ಎಂದು ಒಂದು ಇಮೇಲ್ ಹಾಕಿ.

ಇನ್ನು ಬಂಧನ. ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಅವರು ಪಶ್ಚಿಮ ಬಂಗಾಳದಿಂದ 1986ರಲ್ಲಿ ಲಾಕಪ್ ಸಾವುಗಳ ಬಗ್ಗೆ ಭಾರತದ ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರ ಹತ್ತು ವರ್ಷದ ನಂತರ, 1996ರ ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟಿನ 11 ಕಡ್ಡಾಯ ಸೂಚನೆಗಳಾಗಿ ಹೊರಬಂತು. ಅವುಗಳಲ್ಲಿ ಮುಖ್ಯವಾದವು ಈಗ ಬಿಎನ್‌ಎಸ್‌ಎಸ್‌ನೊಳಗೇ ಇವೆ. ಬಂಧಿಸುವ ಅಧಿಕಾರಿಯ ಹೆಸರು ಕಾಣುವಂತಿರಬೇಕು. ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು ಅಥವಾ ಅದೇ ಪ್ರದೇಶದ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕಬೇಕು, ಬಂಧಿತನೂ ಸಹಿ ಹಾಕಬೇಕು. ಅವನು ಹೇಳಿದವರಿಗೆ ಸುದ್ದಿ ಮುಟ್ಟಿಸಬೇಕು. ವಿಚಾರಣೆಯ ನಡುವೆ ತನ್ನ ವಕೀಲರನ್ನು ಭೇಟಿಯಾಗುವ ಹಕ್ಕು 38ನೇ ಕಲಂನಲ್ಲಿದೆ, ಆದರೆ ವಕೀಲರು ಪೂರ್ತಿ ಹೊತ್ತು ಪಕ್ಕದಲ್ಲಿ ಕೂರುವಂತಿಲ್ಲ. ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆಯಬೇಕು. ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ಕೂಡಲೇ ಆಗದಿದ್ದರೆ ರಿಮ್ಯಾಂಡ್‌ಗೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಕನ್ನಡ ಮಾತ್ರ ಬಲ್ಲವನಿಗೆ ಇಂಗ್ಲಿಷಿನ ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡರೆ ಅದು ಕೊಟ್ಟಂತಲ್ಲ. ಹೊರರಾಜ್ಯದಲ್ಲಿ ಸಿಕ್ಕಿಬಿದ್ದ ನಮ್ಮ ಲಾರಿ ಚಾಲಕರಿಗೆ, ಇಲ್ಲಿಗೆ ಕಟ್ಟಡ ಕೆಲಸಕ್ಕೆ ಬಂದ ಬಿಹಾರ, ಒಡಿಶಾದವರಿಗೆ ಇದು ದೊಡ್ಡ ಆಸರೆ.

ಮೆಮೊದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಬಂಧನದ ಸಮಯ. ಸಂವಿಧಾನದ 22(2)ನೇ ವಿಧಿ ಮತ್ತು ಬಿಎನ್‌ಎಸ್‌ಎಸ್ 58ನೇ ಕಲಂ ಪ್ರಕಾರ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಹೊತ್ತನ್ನಷ್ಟೇ ಕಳೆಯಬಹುದು. ಭಾನುವಾರ, ಹಬ್ಬ ಅನ್ನುವ ರಿಯಾಯಿತಿ ಇಲ್ಲ, ರಜೆಯಿದ್ದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ. ಕೈವಾಡ ನಡೆಯುವುದು ಇಲ್ಲಿಯೇ. ಸೋಮವಾರ ಬೆಳಿಗ್ಗೆ 7ಕ್ಕೆ ಮನೆಯಿಂದ ಕರೆದೊಯ್ದವನನ್ನು ಬುಧವಾರ ಮಧ್ಯಾಹ್ನ 3ಕ್ಕೆ ಬಸ್ ನಿಲ್ದಾಣದ ಬಳಿ ‘ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದಾಗ’ ಹಿಡಿದೆವು ಎಂದು ಬರೆದರೆ, ಗುರುವಾರ ಮಧ್ಯಾಹ್ನದವರೆಗೆ ಎಲ್ಲವೂ ಕಾಗದದಲ್ಲಿ ನೆಟ್ಟಗಿರುತ್ತದೆ. ನಡುವಿನ 56 ಗಂಟೆಗಳು ಮಾಯ.

ಆ 56 ಗಂಟೆಗಳನ್ನು ಕಾಗದಕ್ಕೆ ಎಳೆದು ತರುವ ಕೆಲಸ ಮನೆಯವರದ್ದು, ಅದೂ ಮೊದಲ ದಿನವೇ. ಕರೆದೊಯ್ದ ಸಮಯ, ಬಂದವರ ಹೆಸರು ಅಥವಾ ಚಹರೆ, ವಾಹನದ ನಂಬರು, ಕಂಡ ನೆರೆಹೊರೆಯವರ ಹೆಸರು ಕೂಡಲೇ ಬರೆದಿಡಿ. ಬೀದಿಯ ಅಂಗಡಿಯ ಕ್ಯಾಮೆರಾದಲ್ಲಿ ಜೀಪು ಬಂದದ್ದು ಸಿಕ್ಕಿದ್ದರೆ ಅಳಿಸಿಹೋಗುವ ಮುನ್ನ ಪ್ರತಿ ಮಾಡಿಸಿಕೊಳ್ಳಿ. 112ಕ್ಕೆ ಕರೆ ಮಾಡಿ ಇಂಥವರನ್ನು ಇಷ್ಟು ಗಂಟೆಗೆ ಕರೆದೊಯ್ದಿದ್ದಾರೆ, ಎಲ್ಲಿದ್ದಾರೆ ತಿಳಿಸಿ ಎಂದು ಕೇಳಿ. ಉತ್ತರ ಬರಲಿ ಬಿಡಲಿ, ಕೇಳಿದ ಸಮಯ ದಾಖಲಾಗುತ್ತದೆ. ಜಿಲ್ಲಾ ಕಂಟ್ರೋಲ್ ರೂಮಿನಲ್ಲಿ ಬಂಧಿತರ ಮಾಹಿತಿ ಇಟ್ಟಿರಬೇಕು ಎಂದು 37ನೇ ಕಲಂ ಹೇಳುತ್ತದೆ, ಅಲ್ಲಿಯೂ ವಿಚಾರಿಸಿ. ಎಸ್‌ಪಿ ಅಥವಾ ಕಮಿಷನರಿಗೆ, ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ, ಮಾನವ ಹಕ್ಕುಗಳ ಆಯೋಗಕ್ಕೆ ಅದೇ ದಿನ ನಾಲ್ಕೇ ಸಾಲಿನ ಇಮೇಲ್ ಅಥವಾ ಸ್ಪೀಡ್ ಪೋಸ್ಟ್ ಹೋಗಲಿ. ಉದ್ದ ಕತೆ ಬೇಡ, ಯಾರು, ಎಂದು, ಎಷ್ಟು ಗಂಟೆಗೆ, ಯಾವ ಠಾಣೆ, ಇಷ್ಟು ಸಾಕು. ಪೋಸ್ಟಿನ ರಸೀದಿ ಜೋಪಾನ. ಕಸ್ಟಡಿಯಲ್ಲಿರುವ ಯಾರಿಗಾದರೂ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಸಹಾಯವಾಣಿ 15100. ಆದರೂ ಮನುಷ್ಯ ಎಲ್ಲಿದ್ದಾನೆಂದೇ ತಿಳಿಯದಿದ್ದರೆ ಆ ಮನುಷ್ಯನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹೈಕೋರ್ಟಿನಲ್ಲಿ ಹಾಕಬೇಕು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಪೀಠಗಳಿವೆ. ಮೇಲಿನ ಇಮೇಲು, ರಸೀದಿಗಳೇ ಆ ಅರ್ಜಿಯ ಬೆನ್ನೆಲುಬು.

ಸಿಸಿಟಿವಿ ವಿಷಯವೂ ಇದೇ ಹೊತ್ತಿಗೆ ಸೇರಿದ್ದು. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೋಣೆ, ಹಿತ್ತಿಲು ಎಲ್ಲ ಕಡೆ ಕ್ಯಾಮೆರಾ ಬೇಕು, ರಾತ್ರಿಯೂ ಕಾಣಬೇಕು, ಧ್ವನಿಯೂ ದಾಖಲಾಗಬೇಕು, ದೃಶ್ಯವನ್ನು 18 ತಿಂಗಳು, ಅಷ್ಟು ಆಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಇಡಬೇಕು ಎಂದಿತು. ಕೇಳಿದಾಗ ಬರುವ ಉತ್ತರ ‘ಕ್ಯಾಮೆರಾ ಕೆಟ್ಟಿತ್ತು’. ಆದ್ದರಿಂದ ತಿಂಗಳು ಕಾಯದೆ, ದಿನಾಂಕ, ಸಮಯದ ಅವಧಿ, ಕ್ಯಾಮೆರಾ ಇರುವ ಜಾಗ ಬರೆದು ‘ಈ ದೃಶ್ಯ ಅಳಿಸದೆ ಕಾಯ್ದಿಡಿ’ ಎಂದು ಲಿಖಿತವಾಗಿ ಕೇಳಬೇಕು, ಅದೇ ಮನವಿಯನ್ನು ಮ್ಯಾಜಿಸ್ಟ್ರೇಟರ ಮುಂದೆಯೂ ಇಡಬೇಕು. ಮಾಹಿತಿ ಹಕ್ಕು ಕಾಯ್ದೆಯ 7(1)ರಲ್ಲಿ ಜೀವ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕೆಂದಿದೆ. ಅರ್ಜಿಯ ತಲೆಯಲ್ಲಿ ಆ ಕಲಂ ಬರೆಯುವುದನ್ನು ಮರೆಯಬಾರದು.

ಬಂಧನದ ನಂತರ ವೈದ್ಯಕೀಯ ಪರೀಕ್ಷೆ. ಬಿಎನ್‌ಎಸ್‌ಎಸ್ 53ನೇ ಕಲಂ ಪ್ರಕಾರ ಬಂಧಿಸಿದ ಕೂಡಲೇ ಸರ್ಕಾರಿ ವೈದ್ಯರು ಪರೀಕ್ಷಿಸಿ, ಮೈಮೇಲಿನ ಗಾಯಗಳನ್ನೂ ಅವು ಸುಮಾರು ಯಾವಾಗ ಆದವು ಎಂಬುದನ್ನೂ ಬರೆದು, ಒಂದು ಪ್ರತಿಯನ್ನು ಬಂಧಿತನಿಗೋ ಅವನು ಹೇಳಿದವರಿಗೋ ಕೊಡಬೇಕು. ಕಸ್ಟಡಿ ಮುಂದುವರಿದರೆ ಪ್ರತಿ 48 ಗಂಟೆಗೊಮ್ಮೆ ಪರೀಕ್ಷೆ ಎಂಬುದು ಡಿ.ಕೆ. ಬಸು ತೀರ್ಪಿನ ಸೂಚನೆ. ಬಹಳ ಕಡೆ ಇದು ಬಿಪಿ ನೋಡಿ, ಬಟ್ಟೆ ಬಿಚ್ಚಿಸದೆ, ಪಕ್ಕದಲ್ಲಿ ಪೊಲೀಸರನ್ನು ನಿಲ್ಲಿಸಿಕೊಂಡು ‘ಹೊರಗಾಯಗಳಿಲ್ಲ’ ಎಂದು ಬರೆದು ಕಳಿಸುವಲ್ಲಿಗೆ ಮುಗಿಯುತ್ತದೆ. ಆ ಒಂದು ಸಾಲು ಎಷ್ಟು ಕೇಸುಗಳನ್ನು ಮುಗಿಸಿಹಾಕಿದೆ! ಹೊಡೆತಕ್ಕೆ ಕಂದಿದ ಗುರುತು ಮೊದಲು ಕೆಂಪಗಿದ್ದು, ಒಂದೆರಡು ದಿನದಲ್ಲಿ ನೀಲಿಗೆ ತಿರುಗುತ್ತದೆ, ಐದಾರು ದಿನಕ್ಕೆ ಹಸಿರು ಛಾಯೆ, ವಾರ ದಾಟಿದರೆ ಹಳದಿ, ಸುಮಾರು ಎರಡು ವಾರಕ್ಕೆ ಮಾಸುತ್ತದೆ. ಮನುಷ್ಯನಿಂದ ಮನುಷ್ಯನಿಗೆ ವ್ಯತ್ಯಾಸವಿದ್ದರೂ, ವಾರದ ಹಿಂದೆಯೇ ಕರೆದೊಯ್ದು ಬುಧವಾರ ಬಂಧಿಸಿದೆವು ಅಂದವನ ಬೆನ್ನಮೇಲೆ ಗುರುವಾರ ಹಳದಿ ತಿರುಗಿದ ಗುರುತಿದ್ದರೆ ಅದು ಮಾತಾಡುತ್ತದೆ. ಹಾಗಾಗಿ ಗಾಯದ ಉದ್ದಗಲ ಸೆಂಟಿಮೀಟರಿನಲ್ಲಿ, ಬಣ್ಣ, ಜಾಗ ಎಲ್ಲ ಬರೆಸಬೇಕು. ಅಂಗಾಲಿಗೆ ಹೊಡೆದರೆ ಮೇಲೆ ಹೆಚ್ಚು ಕಾಣುವುದಿಲ್ಲ, ನಡೆಯಲು ನೋವು ಎಂದು ಬಾಯಿಬಿಟ್ಟು ಹೇಳಬೇಕು. ತೊಡೆ, ಪೃಷ್ಠಕ್ಕೆ ಬಲವಾಗಿ ಹೊಡೆಸಿಕೊಂಡವನಿಗೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಡ ಮಾಡದೆ ಆಸ್ಪತ್ರೆಗೆ ಸೇರಿಸಿ. ಜಜ್ಜಿದ ಮಾಂಸಖಂಡದ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡ ಕೈಕೊಡುವ ಲಕ್ಷಣ ಅದು. ಬಿಟ್ಟು ಕಳಿಸಿದ ಮೇಲೆ ಮನೆಯಲ್ಲೇ ಪ್ರಾಣ ಹೋಗಬಹುದು.

ಆಮೇಲೆ ಮ್ಯಾಜಿಸ್ಟ್ರೇಟ್. ನನ್ನ ಮಟ್ಟಿಗೆ ಇಡೀ ವ್ಯವಸ್ಥೆ ನಿಂತಿರುವುದು ಈ ಕೆಲವು ನಿಮಿಷಗಳ ಮೇಲೆ. ಪೊಲೀಸರಿಂದ ಏನಾದರೂ ತೊಂದರೆ ಆಯಿತೇ ಎಂದು ಅವರು ಕೇಳುತ್ತಾರೆ. ಹಿಂದೆಯೇ ನಿಂತ ಪೇದೆಯನ್ನು ನೆನೆದು, ಮತ್ತೆ ಅವರ ಜೊತೆಯೇ ಜೀಪಿನಲ್ಲಿ ಹೋಗಬೇಕಲ್ಲ ಎಂಬ ಹೆದರಿಕೆಯಲ್ಲಿ, ಬಂಧಿತ ‘ಇಲ್ಲ ಸ್ವಾಮಿ’ ಅನ್ನುತ್ತಾನೆ. ಅದು ಆರ್ಡರ್ ಶೀಟಿನಲ್ಲಿ ದಾಖಲಾಗುತ್ತದೆ, ಮುಂದೆ ದೂರು ಕೊಟ್ಟಾಗಲೆಲ್ಲ ಅವನ ಎದುರೇ ನಿಲ್ಲುತ್ತದೆ. ವಕೀಲರು ಮೊದಲೇ ಹಾಜರಿದ್ದರೆ ‘ಪೊಲೀಸರನ್ನು ಸ್ವಲ್ಪ ಹೊರಗೆ ಕಳಿಸಿ, ಅಂಗಿ ತೆಗೆಸಿ ನೋಡಿ’ ಎಂದು ಕೇಳಬಹುದು. ಮರುಪರೀಕ್ಷೆಗೆ ಬೇರೆ ಆಸ್ಪತ್ರೆಗೆ ಕಳಿಸಿ ಎಂದು ಅಲ್ಲಿಯೇ ಅರ್ಜಿ ಕೊಡಬಹುದು.

ಸಿಸಿಟಿವಿ, ವೈದ್ಯಕೀಯ ಪರೀಕ್ಷೆ, ಮ್ಯಾಜಿಸ್ಟ್ರೇಟ್ ಎಂಬ ಈ ಮೂರೂ ತಡೆಗಳು ಒಟ್ಟಿಗೆ ಕುಸಿದರೆ ಏನಾಗುತ್ತದೆ ಎಂಬುದನ್ನು ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂ ತೋರಿಸಿತು. 2020ರ ಜೂನ್ 19ರ ಸಂಜೆ, ಲಾಕ್‌ಡೌನ್ ವೇಳೆ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಎಂಬ ಆರೋಪದಲ್ಲಿ ತಂದೆಯನ್ನು ಠಾಣೆಗೆ ಒಯ್ದರು, ಹಿಂದೆಯೇ ಹೋದ ಮಗನನ್ನೂ ಅಲ್ಲೇ ಹಿಡಿದಿಟ್ಟರು. ಮರುದಿನ ಸರ್ಕಾರಿ ಆಸ್ಪತ್ರೆಯಿಂದ ಇಬ್ಬರಿಗೂ ಫಿಟ್ ಎಂಬ ಪ್ರಮಾಣಪತ್ರ ಸಿಕ್ಕಿತು, ಮ್ಯಾಜಿಸ್ಟ್ರೇಟ್ ರಿಮ್ಯಾಂಡ್ ಮಾಡಿದರು, ಕೋವಿಲ್‌ಪಟ್ಟಿ ಉಪಕಾರಾಗೃಹಕ್ಕೆ ಕಳಿಸಿದರು. 22ರ ರಾತ್ರಿ ಮಗ ಸತ್ತ, 23ರ ಬೆಳಗಿನ ಜಾವ ತಂದೆ. ವಿಚಾರಣೆಗೆ ಹೋದ ಕೋವಿಲ್‌ಪಟ್ಟಿ ಮ್ಯಾಜಿಸ್ಟ್ರೇಟರಿಗೆ ಕಂಡದ್ದು: ಸಿಸಿಟಿವಿಯ ಹಾರ್ಡ್‌ಡಿಸ್ಕ್‌ನಲ್ಲಿ ಜಾಗ ಬೇಕಾದಷ್ಟಿದ್ದರೂ ಪ್ರತಿದಿನದ ದೃಶ್ಯ ತಾನಾಗಿ ಅಳಿಸಿಹೋಗುವಂತೆ ಹೊಂದಿಸಲಾಗಿತ್ತು. ಸತ್ಯ ಹೊರಬಂದದ್ದು ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್ ರಾತ್ರಿಯಿಡೀ ಹೊಡೆದರು, ಲಾಠಿಯಲ್ಲಿ, ಮೇಜಿನ ಮೇಲೆ ರಕ್ತ ಇತ್ತು ಎಂದು ಧೈರ್ಯವಾಗಿ ಹೇಳಿಕೆ ಕೊಟ್ಟದ್ದರಿಂದ.

ಹೊಡೆಯುವುದಾದರೂ ಯಾಕೆ? ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಡೆಯುವುದಿಲ್ಲ ಎಂಬುದು ಬ್ರಿಟಿಷರ ಕಾಲದಿಂದ ಇರುವ ನಿಯಮ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ. ಅದಕ್ಕೊಂದು ಸಂದಿ ಇದೆ: ಆ ಹೇಳಿಕೆಯಿಂದ ವಸ್ತುವೊಂದು ಪತ್ತೆಯಾದರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ನಮ್ಮಲ್ಲಿ ಯಾವುದೇ ಚಾರ್ಜ್‌ಶೀಟಿನ ‘ಸ್ವಇಚ್ಛಾ ಹೇಳಿಕೆ’ ಓದಿದರೂ ಕೊನೆಯಲ್ಲಿ ‘ನನ್ನನ್ನು ಕರೆದುಕೊಂಡು ಹೋದಲ್ಲಿ ಸ್ಥಳ ತೋರಿಸಿ ಹಾಜರುಪಡಿಸುತ್ತೇನೆ’ ಎಂಬ ಧಾಟಿಯ ಸಾಲು ಬಂದೇ ಬರುತ್ತದೆ. ಕಳ್ಳತನದ ಕೇಸಿನಲ್ಲಿ ಚಿನ್ನ ವಾಪಸ್ ತಂದರೆ ತನಿಖೆ ಚೆನ್ನಾಗಿ ಆಯಿತು ಎಂದು ಎಲ್ಲರೂ ಹೊಗಳುತ್ತಾರೆ, ಹೇಗೆ ತಂದರು ಎಂದು ಕೇಳುವವರಿಲ್ಲ. ಬೆರಳಚ್ಚು, ಕರೆ ವಿವರ, ಕ್ಯಾಮೆರಾ ಹುಡುಕಾಟಕ್ಕೆ ವಾರಗಳು ಬೇಕು, ಲಾಠಿಗೆ ಒಂದು ರಾತ್ರಿ ಸಾಕು. ಹಾಗೆ ಸಿಕ್ಕವನು ನಿಜವಾದ ಕಳ್ಳನೇ ಆಗಿರಬೇಕೆಂದೂ ಇಲ್ಲ. ಹೊಡೆತ ತಡೆಯಲಾರದೆ ಒಪ್ಪಿಕೊಂಡವನ ಹಿಂದೆ ನಿಜವಾದ ಅಪರಾಧಿ ಆರಾಮಾಗಿ ಓಡಾಡಿಕೊಂಡಿರುತ್ತಾನೆ.

ಕಸ್ಟಡಿಯಲ್ಲಿ ಸಾವಾದರೆ ದಾರಿ ಬೇರೆ. ಬಿಎನ್‌ಎಸ್‌ಎಸ್ 196ನೇ ಕಲಂ ಪ್ರಕಾರ ಪೊಲೀಸ್ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ, ತಹಶೀಲ್ದಾರರದ್ದು ಸಾಲದು, ನ್ಯಾಯಿಕ ಮ್ಯಾಜಿಸ್ಟ್ರೇಟರೇ ಬೇಕು. 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು, ಮರಣೋತ್ತರ ಪರೀಕ್ಷೆಯ ವಿಡಿಯೊ ಆಗಬೇಕು. ಮನೆಯವರು ಶವವನ್ನು ನೋಡಿ, ಫೋಟೊ ತೆಗೆದುಕೊಳ್ಳಲು ಅವಕಾಶ ಕೇಳಬೇಕು. ಅನುಮಾನವಿದ್ದರೆ ಸುಡಬೇಡಿ, ಹೂಳಿ. ಮುಂದೆ ಮರುಪರೀಕ್ಷೆಗೆ ಆದೇಶವಾದರೆ ಅದೊಂದೇ ಉಳಿಯುವ ಆಧಾರ.

ಶಿಕ್ಷೆಯ ಕಲಂ ಇಲ್ಲವೆಂದಲ್ಲ. ಹೇಳಿಕೆ ಕಕ್ಕಿಸಲು ಗಾಯ ಮಾಡಿದರೆ ಹಳೆಯ ಐಪಿಸಿ ಜಾಗದಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂನಲ್ಲಿ 7 ವರ್ಷ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆ ಇದೆ. ಆದರೆ ಅಧಿಕಾರಿಯ ಮೇಲೆ ಕೇಸು ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕೇ ಎಂಬ ಪ್ರಶ್ನೆಯಲ್ಲೇ ವರ್ಷಗಳು ಹೋಗುತ್ತವೆ. ಬಿಎನ್‌ಎಸ್‌ಎಸ್ 218ನೇ ಕಲಂ ಜೊತೆಗೆ ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಎಂಬ ಇನ್ನೊಂದು ಗೋಡೆಯೂ ಇದೆ. ಕರ್ನಾಟಕದ್ದೇ ಆದ ಡಿ. ದೇವರಾಜ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಕರ್ತವ್ಯಕ್ಕೆ ನಂಟಿದ್ದು ಮಿತಿ ಮೀರಿದ್ದಾದರೂ ಅನುಮತಿ ಬೇಕು ಎಂದಿತು. ಈ ಗೋಡೆ ಇಷ್ಟು ಎತ್ತರ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಿತ್ರಹಿಂಸೆ ಯಾರ ಕರ್ತವ್ಯವೂ ಅಲ್ಲ. ಹೊಸ ಸಂಹಿತೆಯಲ್ಲಿ ಒಂದು ಒಳ್ಳೆಯದಾಗಿದೆ: 218ರ ಅಡಿ ಅನುಮತಿ ಕೇಳಿ 120 ದಿನದೊಳಗೆ ಸರ್ಕಾರ ಏನೂ ಹೇಳದಿದ್ದರೆ ಕೊಟ್ಟಂತೆಯೇ ಲೆಕ್ಕ. ಅರ್ಜಿ ತಲುಪಿದ ದಿನಾಂಕದ ಸ್ವೀಕೃತಿ ಇಟ್ಟುಕೊಂಡಿರಿ. ಭಾರತ 1997ರ ಅಕ್ಟೋಬರ್ 14ರಂದು ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದಕ್ಕೆ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ. 2010ರ ಮಸೂದೆ ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ಸತ್ತುಹೋಯಿತು. ಕಸ್ಟಡಿಯಲ್ಲಿ ಗಾಯವಾದರೆ ಅದನ್ನು ಮಾಡಿದ್ದು ಪೊಲೀಸರೇ ಎಂದು ನ್ಯಾಯಾಲಯ ಭಾವಿಸಬಹುದು ಎಂಬ ತಿದ್ದುಪಡಿಯನ್ನು ಕಾನೂನು ಆಯೋಗ 1985ರಲ್ಲೇ ಸೂಚಿಸಿತ್ತು, ಅದು ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಇಲ್ಲ.

ಪರಿಹಾರದ ದಾರಿ ಮಾತ್ರ ಶಿಕ್ಷೆಗಾಗಿ ಕಾಯಬೇಕಿಲ್ಲ. ಒಡಿಶಾದ ನೀಲಾಬತಿ ಬೆಹೆರಾ ಅವರ 22 ವರ್ಷದ ಮಗನನ್ನು 1987ರ ಡಿಸೆಂಬರ್ 1ರಂದು ಪೊಲೀಸರು ಕರೆದೊಯ್ದಿದ್ದರು, ಮರುದಿನ ರೈಲು ಹಳಿಯ ಮೇಲೆ ಅವನ ಶವ ಸಿಕ್ಕಿತು. ತಾಯಿ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಾಗಿ ತೆಗೆದುಕೊಂಡು, 1993ರಲ್ಲಿ ಸರ್ಕಾರ 1,50,000 ರೂಪಾಯಿ ಕೊಡಬೇಕೆಂದು ಆದೇಶಿಸಿತು. ಮೂಲಭೂತ ಹಕ್ಕು ಕಸಿದಾಗ ಪ್ರಭುತ್ವವೇ ನೇರ ಹೊಣೆ ಎಂಬ ತತ್ವ ಅಲ್ಲಿ ಗಟ್ಟಿಯಾಯಿತು. ಇಂದಿಗೂ ಹೈಕೋರ್ಟಿನ ಮುಂದೆ ಸಂವಿಧಾನದ 226ನೇ ವಿಧಿಯಡಿ ಅದೇ ತತ್ವದ ಮೇಲೆ ಪರಿಹಾರ ಕೇಳಬಹುದು. ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬೇಕು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು.